ವ್ಯಾಯಾಮಾರಂಭದಲ್ಲಿ ದೇಹತೂಕದ ಏರಿಳಿತ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ತರುಣರು ದಂಡ-ಬಸ್ಕಿಗಳನ್ನಾಗಲಿ, 1343 ಮೀಟರ್ ಎತ್ತರದ ಕೊಡಚಾದ್ರಿಯ ಆರೋಹಣವನ್ನಾಗಲಿ ಹೊಸದಾಗಿ ಕೈಗೊಂಡಾಗ, ಮೊದಲ ವಾರಗಳಲ್ಲಿ ತೂಕವು ಇಳಿಯುವ ಬದಲು ಒಂದೆರಡು ಕಿಲೋಗ್ರಾಂ ಏರುವುದುಂಟು. ಈ ಏರಿಕೆ ಬಹುಮಟ್ಟಿಗೆ ಕೊಬ್ಬಲ್ಲ, ನೀರು. ಅಭ್ಯಾಸವಿಲ್ಲದ ಶ್ರಮದಿಂದ, ವಿಶೇಷವಾಗಿ ಬೆಟ್ಟವನ್ನಿಳಿಯುವಾಗ, ಸ್ನಾಯುತಂತುಗಳು ಸೂಕ್ಷ್ಮವಾಗಿ ಘಾಸಿಗೊಂಡು ಅಲ್ಲಿ ದ್ರವ ಸೇರುತ್ತದೆ. ಸ್ನಾಯುಗಳಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ಎಂಬ ಪಿಷ್ಟವು ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ರಕ್ತದ ದ್ರವಭಾಗವೂ ಕೆಲವೇ ದಿನಗಳಲ್ಲಿ ವೃದ್ಧಿಹೊಂದುತ್ತದೆ. ಬೆವರಿನಿಂದ ಇಳಿದ ತೂಕವಾದರೋ ನೀರು ಕುಡಿದೊಡನೆ ಮರಳುವುದು.

ಇದನ್ನರಿಯದೆ ಕೆಲವರು ಸಾಧನೆಯನ್ನೇ ತ್ಯಜಿಸುವರು. ಕೆಲವರು ಊಟವನ್ನು ಬಿಡುವರು. ಎರಡನೆಯದೇ ಹೆಚ್ಚು ಅಪಾಯಕರ. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (ಸು. 1130) ಮಲ್ಲರಿಗೆ ವ್ಯಾಯಾಮದೊಡನೆ ಪುಷ್ಟಿಕರ ಆಹಾರವನ್ನೂ ವಿಧಿಸಿದೆಯೆಂಬುದು ಇಲ್ಲಿ ಸ್ಮರಣಾರ್ಹ. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ ತೂಗಿ, ದಿನದ ಅಂಕಿಯನ್ನು ಬಿಟ್ಟು ವಾರದ ಸರಾಸರಿಗಳನ್ನು ಹೋಲಿಸಬೇಕು.