ಅಳಿಸಿಹೋದ ಪಹಣಿ ಮರಳಿ ಬರುವ ಬಗೆ

ಮೊಳಕಾಲ್ಮುರು ತಾಲ್ಲೂಕಿನಲ್ಲಿ ಅಶೋಕನ ಒಂದೇ ಶಾಸನ ಮೂರು ಕಡೆ ಇದೆ. ಒಂದು ಬ್ರಹ್ಮಗಿರಿಯಲ್ಲಿ, ಒಂದು ಸಿದ್ದಾಪುರದ ಹತ್ತಿರ, ಇನ್ನೊಂದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ಮೂರರ ನಡುವಿನ ದೂರ ಕೆಲವೇ ಕಿಲೋಮೀಟರು. 1892ರಲ್ಲಿ ಬಿ. ಎಲ್. ರೈಸ್ ಇವನ್ನು ಪತ್ತೆ ಮಾಡಿದಾಗ ಮೂರೂ ಒಂದೇ ಸ್ಥಿತಿಯಲ್ಲಿರಲಿಲ್ಲ. ಜಟಿಂಗ ರಾಮೇಶ್ವರದ ಬಂಡೆಗೆ ಊರವರು ಬಳೆಗಾರ ಗುಂಡು ಎನ್ನುತ್ತಿದ್ದರು. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲೇ ಅಂಗಡಿ ಹೂಡುತ್ತಿದ್ದರು. ಅಲ್ಲಿನ ಅಕ್ಷರಗಳು ಬಹುಪಾಲು ಸವೆದುಹೋಗಿದ್ದವು. ಸವೆದ ಸಾಲುಗಳಲ್ಲಿ ಏನಿತ್ತೆಂದು ವಿದ್ವಾಂಸರು ತಿಳಿದುಕೊಂಡದ್ದು ಬ್ರಹ್ಮಗಿರಿಯ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು ಓದಿ.

ಈ ಮೂರು ಪ್ರತಿಗಳಲ್ಲೂ ದೊರೆಯ ಹೆಸರಿಲ್ಲ, ‘ದೇವಾನಾಂಪಿಯ’ ಎಂಬ ಬಿರುದಷ್ಟೇ ಇದೆ. ಹೆಸರು ಕಂಡದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇದೇ ಶಾಸನದ ಮತ್ತೊಂದು ಪ್ರತಿ ಸಿಕ್ಕಾಗ. ಅಕ್ಕಪಕ್ಕದ ಮೂರು ಪ್ರತಿಗಳು ಹೇಳದ್ದನ್ನು ದೂರದ ಒಂದು ಪ್ರತಿ ಹೇಳಿತು.

ಡೇಟಾಬೇಸ್ ನೋಡಿಕೊಳ್ಳುವವರು ಬ್ಯಾಕಪ್ ಎಂದು ಕರೆಯುವ ಕೆಲಸದ ಎರಡೂ ಭಾಗಗಳು ಇಲ್ಲಿವೆ. ಪ್ರತಿ ತೆಗೆದಿಡುವುದು ಮೊದಲ ಭಾಗ. ಒಂದು ಕೆಟ್ಟಾಗ ಇನ್ನೊಂದರಿಂದ ಅದನ್ನು ಮತ್ತೆ ಕಟ್ಟುವುದು ಎರಡನೆಯದು. ಮೊದಲನೆಯದನ್ನು ಎಲ್ಲರೂ ಕಲಿಯುತ್ತಾರೆ. ಎರಡನೆಯದನ್ನು ಕಲಿತವರು ಕಡಿಮೆ, ಅನಾಹುತಗಳು ನಡೆಯುವುದೂ ಅಲ್ಲೇ.

ಚಳ್ಳಕೆರೆ, ಮೊಳಕಾಲ್ಮುರು ರೈತರ ಜಮೀನಿನ ದಾಖಲೆ ಈಗ ಸರ್ವರಿನಲ್ಲಿದೆ. ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಪಹಣಿಯನ್ನು ಕಂಪ್ಯೂಟರಿಗೆ ತಂದದ್ದು ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ತಂತ್ರಾಂಶದ ನೆರವಿನಿಂದ, 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಹೀಗೆ ಗಣಕಕ್ಕೆ ಬಂದವು. ಬೆಳೆ ಸಾಲ, ಬೆಳೆ ವಿಮೆ, ಕ್ರಯಪತ್ರ ಎಲ್ಲಕ್ಕೂ ಪಹಣಿ ಬೇಕು. ಕೈಬರಹದ ಪಹಣಿಯ ಕಾಲ ಮುಗಿದ ಮೇಲೆ ಈ ಡೇಟಾಬೇಸಿನಲ್ಲಿ ಏನಿದೆಯೋ ಅದೇ ದಾಖಲೆ. ಹಾಗಾದರೆ, ಬರೆಯುತ್ತಿರುವಾಗಲೇ ಕರೆಂಟು ಹೋದರೆ ಪಹಣಿಯ ಗತಿ ಏನು?

ಪರಶುರಾಂಪುರ ಹೋಬಳಿಯ ಒಬ್ಬರು ತಮ್ಮ 5 ಎಕರೆಯಲ್ಲಿ 2 ಎಕರೆ ಮಾರಿದರು ಎಂದಿಟ್ಟುಕೊಳ್ಳೋಣ. ಡೇಟಾಬೇಸ್ ಎರಡು ಕೆಲಸ ಮಾಡಬೇಕು. ಮಾರಿದವರ ಖಾತೆಯಲ್ಲಿ 5 ಇದ್ದದ್ದನ್ನು 3 ಮಾಡಬೇಕು, ಕೊಂಡವರ ಖಾತೆಗೆ 2 ಸೇರಿಸಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವ ಮೊದಲು ಯಂತ್ರ ನಿಂತರೆ 2 ಎಕರೆ ಯಾರ ಹೆಸರಲ್ಲೂ ಇಲ್ಲದಂತಾಗುತ್ತದೆ. ಹಾಗಾಗದಂತೆ ಈ ಎರಡನ್ನೂ ಒಂದೇ ವಹಿವಾಟಾಗಿ ಕಟ್ಟುತ್ತಾರೆ. ಆಗುವುದಾದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಕೂಡದು. ಈ ವಹಿವಾಟಿನ ಶಾಸ್ತ್ರವನ್ನು ಬೆಳೆಸಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಇದನ್ನು ಸಾಧ್ಯವಾಗಿಸುವ ಭಾಗದ ಹೆಸರು ಲಾಗ್. ಡೇಟಾಬೇಸ್ ಯಾವ ಬದಲಾವಣೆಯನ್ನೂ ನೇರವಾಗಿ ಮುಖ್ಯ ಕಡತದಲ್ಲಿ ಮಾಡುವುದಿಲ್ಲ. ಏನು ಬದಲಾಗಲಿದೆ, ಮೊದಲು ಏನಿತ್ತು, ಈಗ ಏನಾಗಬೇಕು ಎಂಬುದನ್ನು ಕ್ರಮಸಂಖ್ಯೆ ಹಾಕಿ ಲಾಗಿನಲ್ಲಿ ಬರೆದು, ಆ ಸಾಲು ಡಿಸ್ಕಿನಲ್ಲಿ ಕುಳಿತಿತೆಂದು ಖಾತ್ರಿಯಾದ ಮೇಲಷ್ಟೇ ವಹಿವಾಟು ಮುಗಿಯಿತೆಂದು ಹೇಳುತ್ತದೆ. ಮುಖ್ಯ ಕಡತಕ್ಕೆ ಅದು ಇಳಿಯುವುದು ಆಮೇಲೆ, ನಿಧಾನವಾಗಿ. ಲಾಗ್ ಬರೆಯುವುದು ಬೇಗ, ಏಕೆಂದರೆ ಅಲ್ಲಿ ಹುಡುಕಾಟವಿಲ್ಲ. ಕೊನೆಯ ಸಾಲಿನ ಕೆಳಗೆ ಮುಂದಿನ ಸಾಲು, ಅಷ್ಟೆ.

ಕರೆಂಟು ಹೋಗಿ ಬಂದಾಗ ಡೇಟಾಬೇಸ್ ಮೊದಲು ಲಾಗನ್ನು ಓದುತ್ತದೆ. ಯಾವ ವಹಿವಾಟು ಮುಗಿದಿತ್ತು, ಯಾವುದು ಅರ್ಧಕ್ಕೆ ನಿಂತಿತ್ತು ಎಂದು ಪಟ್ಟಿ ಮಾಡುತ್ತದೆ. ನಂತರ ಎಲ್ಲವನ್ನೂ, ಅರ್ಧಕ್ಕೆ ನಿಂತದ್ದನ್ನು ಸಹ, ನಡೆದ ಕ್ರಮದಲ್ಲೇ ಮತ್ತೆ ನಡೆಸುತ್ತದೆ. ಕೊನೆಗೆ ಮುಗಿಯದೆ ಉಳಿದವನ್ನು ಕೊನೆಯಿಂದ ಮೊದಲಿನತ್ತ ಒಂದೊಂದಾಗಿ ರದ್ದು ಮಾಡುತ್ತದೆ. ರದ್ದು ಮಾಡುವುದಕ್ಕಾಗಿಯೇ ಒಮ್ಮೆ ಮಾಡುವುದು ವಿಚಿತ್ರವೆನಿಸಬಹುದು. ಆದರೆ ಯಂತ್ರ ನಿಂತ ಕ್ಷಣದ ಸ್ಥಿತಿ ತಪ್ಪಿಲ್ಲದೆ ಸಿಗುವುದು ಹೀಗೆಯೇ. ಏರೀಸ್ ಎಂಬ ಈ ವಿಧಾನವನ್ನು ಐಬಿಎಂ ಸಂಶೋಧನಾಲಯದಲ್ಲಿ ರೂಪಿಸಿ 1992ರಲ್ಲಿ ಪ್ರಕಟಿಸಿದ ತಂಡದ ಮುಂಚೂಣಿಯಲ್ಲಿದ್ದವರು ಮದ್ರಾಸ್ ಐಐಟಿಯಲ್ಲಿ ಓದಿದ ಸಿ. ಮೋಹನ್. ನಂತರ ಬಂದ ಎಷ್ಟೋ ಡೇಟಾಬೇಸ್‌ಗಳ ಚೇತರಿಕೆಯ ವಿಧಾನಕ್ಕೆ ಇದೇ ಬುನಾದಿ.

ಕರೆಂಟು ಹೋದರೆ ಇಷ್ಟು ಸಾಕು. ಡಿಸ್ಕೇ ಸುಟ್ಟುಹೋದರೆ?

ಆಗ ಬೇಕಾಗುವುದು ಬ್ಯಾಕಪ್ಪು. ಡೇಟಾಬೇಸನ್ನು ನಿಲ್ಲಿಸಿ ಕಡತಗಳನ್ನು ನಕಲು ಮಾಡಿದರೆ ಸರಳ, ಆದರೆ ಜನ ಕೌಂಟರಿನಲ್ಲಿ ಕಾಯುತ್ತಿರುವಾಗ ನಿಲ್ಲಿಸಲಾಗದು. ನಡೆಯುತ್ತಿರುವಾಗಲೇ ನಕಲು ಮಾಡಿದರೆ ಮೊದಲ ಕಡತ ಹತ್ತು ಗಂಟೆಯದು, ಕೊನೆಯದು ಹನ್ನೊಂದು ಗಂಟೆಯದು ಆಗಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಲ್ಲಿಯೂ ಲಾಗೇ ಕೈಹಿಡಿಯುತ್ತದೆ. ನಕಲು ಶುರುವಾದಾಗಿನಿಂದ ಮುಗಿಯುವವರೆಗಿನ ಲಾಗನ್ನು ಜೊತೆಗೇ ಇಟ್ಟುಕೊಂಡರೆ, ಹೊಂದದ ಆ ನಕಲಿನ ಮೇಲೆ ಲಾಗನ್ನು ನಡೆಸಿ ಸರಿಮಾಡಬಹುದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಮಾಡುವುದು ಇದನ್ನೇ. ಒರೇಕಲ್ ಡೇಟಾಬೇಸಿನ ಬ್ಯಾಕಪ್ ಉಪಕರಣ ಆರ್‌ಮ್ಯಾನ್ ಕೂಡ ಚೇತರಿಕೆಗೆ ಲಾಗನ್ನೇ ನೆಚ್ಚಿದೆ.

ಇದರಿಂದ ಇನ್ನೂ ದೊಡ್ಡ ಲಾಭವಿದೆ. ಭಾನುವಾರ ರಾತ್ರಿ ಪೂರ್ತಿ ಬ್ಯಾಕಪ್ ತೆಗೆದು, ಆಮೇಲಿನ ಲಾಗನ್ನೆಲ್ಲ ಬೇರೆ ಕಡೆ ಸೇರಿಸುತ್ತ ಬಂದಿದ್ದೀರಿ. ಬುಧವಾರ ಮಧ್ಯಾಹ್ನ 3 ಗಂಟೆ 15 ನಿಮಿಷಕ್ಕೆ ಯಾರೋ ಒಂದು ಸಾಲು ಅಳಿಸಲು ಹೋಗಿ, ಯಾವ ಸಾಲು ಎಂಬ ಷರತ್ತನ್ನು ಬರೆಯಲು ಮರೆತು, ಇಡೀ ಕೋಷ್ಟಕವನ್ನೇ ಅಳಿಸಿದರು. ಭಾನುವಾರದ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಹಾಕಿ, ಲಾಗನ್ನು ಬುಧವಾರ 3 ಗಂಟೆ 14 ನಿಮಿಷದವರೆಗೆ ನಡೆಸಿ ನಿಲ್ಲಿಸಿದರೆ, ತಪ್ಪು ನಡೆಯುವ ಮೊದಲಿನ ಸ್ಥಿತಿ ಹಾಗೇ ಸಿಗುತ್ತದೆ. ಈ ಕಸುಬಿನಲ್ಲಿ ಕಲಿಯಲೇಬೇಕಾದ ಒಂದೇ ವಿದ್ಯೆಯನ್ನು ಆರಿಸು ಎಂದರೆ ಇದನ್ನೇ ಆರಿಸಬೇಕು.

ಎರಡನೇ ಸರ್ವರಿನಲ್ಲಿ ಎಲ್ಲವೂ ಆ ಕ್ಷಣವೇ ನಕಲಾಗುತ್ತಿದೆ, ಬೇರೆ ಬ್ಯಾಕಪ್ ಯಾಕೆ ಎಂದು ಕೇಳುವವರಿದ್ದಾರೆ. ಆ ನಕಲು ಯಂತ್ರ ಕೆಟ್ಟರೆ ಉಪಯೋಗಕ್ಕೆ ಬರುತ್ತದೆ, ಮನುಷ್ಯ ತಪ್ಪಿದರೆ ಬರುವುದಿಲ್ಲ. 3 ಗಂಟೆ 15 ನಿಮಿಷದ ಆ ಅಳಿಸುವ ಆಜ್ಞೆಯೂ ಎರಡನೇ ಸರ್ವರಿಗೆ ಅಷ್ಟೇ ನಿಷ್ಠೆಯಿಂದ ತಲುಪಿರುತ್ತದೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನಡೆದದ್ದನ್ನು ಪ್ರತಿಯೊಬ್ಬ ನಿರ್ವಾಹಕರೂ ಓದಿರಬೇಕು. ರಾತ್ರಿ ಹೊತ್ತಿನಲ್ಲಿ ದಣಿದಿದ್ದ ಒಬ್ಬ ಎಂಜಿನಿಯರ್, ನಕಲು ಸರ್ವರಿನ ಕಡತಗಳನ್ನು ಅಳಿಸುತ್ತಿದ್ದೇನೆ ಎಂದುಕೊಂಡು ಮುಖ್ಯ ಸರ್ವರಿನದನ್ನೇ ಅಳಿಸಿದರು. ತಪ್ಪು ತಿಳಿದು ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5. ಅಲ್ಲಿ ಬ್ಯಾಕಪ್ಪಿಗೆ ಹಲವು ಏರ್ಪಾಡುಗಳಿದ್ದವು. ದಿನನಿತ್ಯದ ಬ್ಯಾಕಪ್ ಇರಬೇಕಾದ ಜಾಗ ಖಾಲಿ ಇತ್ತು. ಡೇಟಾಬೇಸಿನ ಆವೃತ್ತಿಗೂ ಬ್ಯಾಕಪ್ ಉಪಕರಣದ ಆವೃತ್ತಿಗೂ ಹೊಂದಿಕೆಯಾಗದೆ ಅದು ದಿನವೂ ಸೋಲುತ್ತಿತ್ತು. ಸೋತಿದೆ ಎಂದು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿ ಅದೃಷ್ಟಕ್ಕೆ ಉಳಿದಿತ್ತು. ಅದರಿಂದಲೇ ಮರುದಿನ ಎಲ್ಲವೂ ಮತ್ತೆ ನಿಂತಿತು. ನಡುವಿನ ಆರು ಗಂಟೆಯ ದತ್ತಾಂಶ ಹೋಯಿತು. ಕಂಪನಿ ಒಂದನ್ನೂ ಮುಚ್ಚಿಡಲಿಲ್ಲ, ಚೇತರಿಕೆಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಆ ಪ್ರಾಮಾಣಿಕತೆಯಿಂದಲೇ ಉಳಿದವರಿಗೆ ಇಷ್ಟು ವಿವರವಾದ ಪಾಠ ಸಿಕ್ಕಿದೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ 2022ರ ನವೆಂಬರ್ 23. ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಸುಲಿಗೆ ತಂತ್ರಾಂಶ ನುಗ್ಗಿ ದತ್ತಾಂಶವನ್ನು ಬೀಗ ಹಾಕಿದಂತೆ ಗೂಢಲಿಪಿಗೆ ಇಳಿಸಿತು. ರೋಗಿಗಳ ನೋಂದಣಿ ಕಾಗದ ಪೆನ್ನಿಗೆ ಮರಳಿತು. ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಆಸ್ಪತ್ರೆಯ ಇ-ಹಾಸ್ಪಿಟಲ್ ತಂತ್ರಾಂಶದ ದತ್ತಾಂಶವನ್ನು ಹೊಸ ಸರ್ವರುಗಳಿಗೆ ತರಲಾಯಿತು. ಹೆಚ್ಚಿನ ಸೇವೆಗಳು ಸರಿಹೋಗಲು ಎರಡು ವಾರ ಹಿಡಿಯಿತು. ದತ್ತಾಂಶ ಉಳಿದರೆ ಸಾಲದು, ಎಷ್ಟು ಹೊತ್ತಿಗೆ ಮರಳುತ್ತದೆ ಎಂಬುದೂ ಬೇರೆ ಲೆಕ್ಕ. ಆದ್ದರಿಂದ ನಿರ್ವಾಹಕರು ಕಚೇರಿಯ ಮುಖ್ಯಸ್ಥರನ್ನು ಮೊದಲೇ ಎರಡು ಪ್ರಶ್ನೆ ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆದಿರಬೇಕು. ಎಷ್ಟು ಹೊತ್ತಿನ ದತ್ತಾಂಶ ಹೋದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತು ಕೆಲಸ ನಿಂತರೆ ತಡೆದುಕೊಳ್ಳಬಹುದು?

ಉತ್ತರ ಎಲ್ಲ ಕಡೆ ಒಂದೇ ಅಲ್ಲ. ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಾಯುಗುಣ ವೀಕ್ಷಣಾಲಯವಿದೆ. ಗಾಳಿಯಲ್ಲಿ ನಿನ್ನೆ ಎಷ್ಟು ದೂಳಿತ್ತು ಎಂಬ ಅಳತೆ ಕಳೆದುಹೋದರೆ ನಿನ್ನೆಯನ್ನು ಮತ್ತೆ ಅಳೆಯಲಾಗದು. ಅಂಗಡಿಯ ಬಿಲ್ಲಾದರೆ ಕಾಗದದ ಪ್ರತಿ ನೋಡಿ ಮತ್ತೆ ತುಂಬಬಹುದು. ಮತ್ತೆ ಹುಟ್ಟಿಸಲಾಗದ ದತ್ತಾಂಶಕ್ಕೆ ಪ್ರತಿಗಳು ಹೆಚ್ಚು ಬೇಕು, ದೂರದೂರ ಇರಬೇಕು. ಎನ್‌ಐಸಿ ತನ್ನ ರಾಷ್ಟ್ರೀಯ ದತ್ತಾಂಶ ಕೇಂದ್ರಗಳನ್ನು ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರಗಳಲ್ಲಿ ಹಂಚಿಟ್ಟಿದೆ. ದಕ್ಷಿಣ ಕೊರಿಯಾದಲ್ಲಿ 2025ರ ಸೆಪ್ಟೆಂಬರಿನಲ್ಲಿ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ಗೆ ಹೊರಗೆಲ್ಲೂ ಪ್ರತಿ ಇರಲಿಲ್ಲ. 858 ಟೆರಾಬೈಟ್ ಒಂದೇ ಬೆಂಕಿಯಲ್ಲಿ ಹೋಯಿತು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ತಮ್ಮ ಕಸುಬಿನವರಿಗಾಗಿ ಹೇಳಿದ 3-2-1 ಸೂತ್ರವನ್ನು ಈಗ ಡೇಟಾಬೇಸಿನವರೂ ಪಾಲಿಸುತ್ತಾರೆ. 3 ಪ್ರತಿ, 2 ಬಗೆಯ ಮಾಧ್ಯಮ, ಅವುಗಳಲ್ಲಿ 1 ಬೇರೆ ಜಾಗದಲ್ಲಿ. ಸುಲಿಗೆ ತಂತ್ರಾಂಶದ ಈ ಕಾಲದಲ್ಲಿ ಒಂದು ಪ್ರತಿಯಾದರೂ ನೆಟ್‌ವರ್ಕಿನಿಂದ ಪೂರ್ತಿ ಕಳಚಿರಬೇಕು.

ಕಲಿಯಲು ದೊಡ್ಡ ಸರ್ವರು ಬೇಡ. ಹಳೆಯ ಲ್ಯಾಪ್‌ಟಾಪಿನಲ್ಲಿ ಪೋಸ್ಟ್‌ಗ್ರೆಸ್ ಹಾಕಿಕೊಳ್ಳಬಹುದು, ಅದು ಉಚಿತ. ಸರ್ವೆ ನಂಬರ್, ಹೆಸರು, ಎಕರೆ, ಗುಂಟೆ ಇರುವ ಒಂದು ಕಾಲ್ಪನಿಕ ಪಹಣಿ ಕೋಷ್ಟಕ ಮಾಡಿ ಬ್ಯಾಕಪ್ ತೆಗೆಯಿರಿ. ಬೇಕೆಂದೇ ಅಳಿಸಿ. ಮರಳಿ ತನ್ನಿ. ಆಮೇಲೆ ಲಾಗ್ ಸಂಗ್ರಹವನ್ನು ಚಾಲೂ ಮಾಡಿ, ಅಳಿಸುವ ಒಂದು ನಿಮಿಷ ಮೊದಲಿನ ಸ್ಥಿತಿಗೆ ತಂದು ನೋಡಿ. ಬ್ಯಾಕಪ್ ಕಡತ ನೆಟ್ಟಗಿದೆಯೇ ಎಂದು ಪರೀಕ್ಷಿಸುವ ಆಜ್ಞೆಗಳು ಎಸ್‌ಕ್ಯುಎಲ್ ಸರ್ವರ್, ಒರೇಕಲ್ ಎರಡರಲ್ಲೂ ಇವೆ. ಅವು ಕಡತವನ್ನಷ್ಟೇ ನೋಡುತ್ತವೆ. ಪೂರ್ತಿ ಮರಳಿ ತಂದು, ಸಾಲುಗಳನ್ನು ಎಣಿಸಿ, ನಾಲ್ಕು ದಾಖಲೆಗಳನ್ನು ಕಣ್ಣಾರೆ ಓದಿದರೆ ಮಾತ್ರ ಅದನ್ನು ಬ್ಯಾಕಪ್ ಎನ್ನಬಹುದು.

ಈ ಮಾತು ತಾಲ್ಲೂಕು ಕಚೇರಿಗಷ್ಟೇ ಸೇರಿದ್ದಲ್ಲ. ಚಳ್ಳಕೆರೆಯ ಶೇಂಗಾ ಮಂಡಿಗಳು, ಎಣ್ಣೆ ಗಿರಣಿಗಳು, ಸಹಕಾರ ಸಂಘಗಳು, ಮೊಳಕಾಲ್ಮುರಿನ ರೇಷ್ಮೆ ಸೀರೆಯ ವ್ಯಾಪಾರಿಗಳು, ಲೆಕ್ಕವನ್ನು ಕಂಪ್ಯೂಟರಿನಲ್ಲಿಟ್ಟಿರುವ ಯಾರೇ ಆಗಲಿ, ಬ್ಯಾಕಪ್ ಪೆನ್‌ಡ್ರೈವನ್ನು ಅದೇ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದರೆ ಇವತ್ತೇ ಬೇರೆ ಕಡೆಗೆ ಸಾಗಿಸಿ. ಬರುವ ಭಾನುವಾರ ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ತೆರೆದು, ಕೊನೆಯ ಬಿಲ್ಲಿನ ನಂಬರು ಬಿಲ್ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಆಗದಿದ್ದರೆ ಸೋಮವಾರದ ವ್ಯಾಪಾರ ಶುರುವಾಗುವ ಮೊದಲು ಹೊಸದಾಗಿ ತೆಗೆದು ಇನ್ನೊಮ್ಮೆ ಪರೀಕ್ಷಿಸಿ.