ಕೃಷಿ ಜಮೀನಿನಲ್ಲಿ ದೊರೆಯುವ ಪ್ರಾಚ್ಯವಸ್ತುಗಳು ಮತ್ತು ಲೋಹಶೋಧಕ ಸಮೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಉಳುಮೆ ಮಾಡುವಾಗ, ಬಾವಿ ಅಥವಾ ಕೃಷಿಹೊಂಡ ತೋಡುವಾಗ ಹಳೆಯ ನಾಣ್ಯ, ತಾಮ್ರಪಟ, ಲೋಹದ ವಿಗ್ರಹ ಮುಂತಾದವು ದೊರೆಯುವ ಸಂಭವವಿರುತ್ತದೆ. ಇಂತಹ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸ್ಥಳದ ಮಹತ್ವ

ಇಂದಿನ ಕೋಲಾರವು ಶಾಸನಗಳಲ್ಲಿ ಕುವಲಾಲವೆಂದು ಕರೆಯಲ್ಪಟ್ಟಿದ್ದು, ಗಂಗ ಅರಸರ ಆರಂಭಕಾಲದ ರಾಜಧಾನಿಯಾಗಿತ್ತು. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ಪಾಳುಬಿದ್ದ ಬಸದಿಯ ಅವಶೇಷಗಳ ನಡುವೆ ಗಂಗರ ತಾಮ್ರಪಟಗಳು ದೊರೆತವು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಇವು ಸೇರಿವೆ. ಜೈನ ದೇಗುಲಗಳಿಗೆ ನೀಡಿದ ದತ್ತಿಯನ್ನು ಹೇಳುವ ಈ ಪಟಗಳು ಬಸದಿಯ ನೆಲದಲ್ಲಿಯೇ ದೊರೆತುದರಿಂದ ಬರಹಕ್ಕೂ ಸ್ಥಳಕ್ಕೂ ಇರುವ ಸಂಬಂಧ ತಿಳಿಯುವಂತಾಯಿತು. ಅವು ಗುಜರಿ ಅಂಗಡಿಗೆ ಸೇರಿದ್ದಲ್ಲಿ ತಾಮ್ರದ ತೂಕಕ್ಕಷ್ಟೇ ಬೆಲೆ ಬರುತ್ತಿತ್ತು. ವಸ್ತುವಿನಷ್ಟೇ ಅದು ದೊರೆತ ಜಾಗವೂ ಮುಖ್ಯವೆಂಬುದಕ್ಕೆ ಇದು ಉದಾಹರಣೆ.

ಲೋಹಶೋಧಕ ಸಮೀಕ್ಷೆ ಎಂದರೇನು?

ಲೋಹಶೋಧಕದ ಸುರುಳಿಯಲ್ಲಿ ಉಂಟಾಗುವ ವಿದ್ಯುತ್ಕಾಂತ ಕ್ಷೇತ್ರವು ನೆಲದಲ್ಲಿರುವ ಲೋಹವನ್ನು ತಾಗಿದಾಗ ಉಪಕರಣವು ಸಂಕೇತ ನೀಡುತ್ತದೆ. ನಾಣ್ಯದಂತಹ ಸಣ್ಣ ವಸ್ತುಗಳನ್ನು ಸಾಮಾನ್ಯವಾಗಿ ಉಳುಮೆಯ ಆಳದಷ್ಟರಲ್ಲಿ ಮಾತ್ರ ಗುರುತಿಸಬಹುದು. ಸಂಕೇತವು ಹಳೆಯ ನಾಣ್ಯದ್ದೋ, ಎತ್ತಿನ ಲಾಳದ್ದೋ ಎಂಬುದನ್ನು ಉಪಕರಣವು ಖಚಿತವಾಗಿ ಹೇಳಲಾರದು. ಆದುದರಿಂದ ಶಾಸ್ತ್ರೀಯ ಸಮೀಕ್ಷೆಯಲ್ಲಿ ಜಮೀನನ್ನು ಚೌಕಗಳಾಗಿ ವಿಂಗಡಿಸಿ, ಸಾಲಾಗಿ ನಡೆದು, ಸಂಕೇತ ಬಂದ ಪ್ರತಿಯೊಂದು ಬಿಂದುವನ್ನೂ ನಕ್ಷೆಯಲ್ಲಿ ದಾಖಲಿಸಲಾಗುತ್ತದೆ.

ಈ ವಿಧಾನವು ಹಳೆಯ ರಣಭೂಮಿಗಳ ಅಧ್ಯಯನಕ್ಕೆ ವಿಶೇಷವಾಗಿ ಉಪಯುಕ್ತ. ಮುಳಬಾಗಿಲಿನ ಬಳಿ 1768ರ ಅಕ್ಟೋಬರ್‌ನಲ್ಲಿ ಹೈದರ್ ಅಲಿಯ ಸೈನ್ಯಕ್ಕೂ ಕರ್ನಲ್ ವುಡ್ ನೇತೃತ್ವದ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಯುದ್ಧ ನಡೆಯಿತು. ಇಂತಹ ನೆಲದಲ್ಲಿ ಸೀಸದ ಗುಂಡುಗಳು ಹರಡಿರುವ ರೀತಿಯಿಂದಲೇ ಸೈನ್ಯಗಳು ನಿಂತ ಜಾಗವನ್ನು ಊಹಿಸಬಹುದು. ಗುಂಡುಗಳನ್ನು ಆಯ್ದು ಒಂದು ಡಬ್ಬಿಗೆ ಹಾಕಿದರೆ ಆ ಮಾಹಿತಿ ಶಾಶ್ವತವಾಗಿ ನಷ್ಟವಾಗುತ್ತದೆ.

ಕಾನೂನು

1. ಸಂರಕ್ಷಿತವಲ್ಲದ ಪ್ರದೇಶದಲ್ಲಿಯೂ ಪುರಾತತ್ವ ಉತ್ಖನನ ನಡೆಸಲು ಅಥವಾ ಅದಕ್ಕೆ ಅನುಮತಿ ನೀಡಲು ರಾಜ್ಯ ಸರ್ಕಾರವು ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಪಡೆಯಬೇಕೆಂದು 1958ರ ಕೇಂದ್ರ ಕಾಯ್ದೆಯು ವಿಧಿಸುತ್ತದೆ. ನಿಧಿಯ ಆಸೆಯಿಂದ ವೀರಗಲ್ಲು, ದೇಗುಲಗಳ ಬಳಿ ಅಗೆಯುವುದು ಅಪರಾಧವಾಗುತ್ತದೆ.

2. ಭೂಮಿಯಲ್ಲಿ ಹುದುಗಿದ್ದ ನಿಧಿಗೆ 1962ರ ಕರ್ನಾಟಕ ನಿಧಿ ಕಾಯ್ದೆಯು ಅನ್ವಯಿಸುತ್ತದೆ.

3. ಸಾಮಾನ್ಯವಾಗಿ ನೂರು ವರ್ಷಕ್ಕೂ ಹಳೆಯದಾದ ಪ್ರಾಚ್ಯವಸ್ತುಗಳನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವುದನ್ನೂ, ಖಾಸಗಿಯವರು ವಿದೇಶಕ್ಕೆ ರಫ್ತು ಮಾಡುವುದನ್ನೂ 1972ರ ಕೇಂದ್ರ ಕಾಯ್ದೆಯು ನಿಷೇಧಿಸಿದೆ.

ವಸ್ತು ದೊರೆತಲ್ಲಿ ಮಾಡಬೇಕಾದುದು

1. ಆ ಜಾಗದಲ್ಲಿ ಅಗೆತವನ್ನು ಕೂಡಲೇ ನಿಲ್ಲಿಸುವುದು.

2. ವಸ್ತುವನ್ನು ಹುಣಸೆಹಣ್ಣಿನಿಂದ ತೊಳೆಯದಿರುವುದು, ಉಜ್ಜದಿರುವುದು, ಕರಗಿಸದಿರುವುದು. ಮಡಕೆಯಲ್ಲಿ ದೊರೆತಿದ್ದಲ್ಲಿ ಅದರ ಚೂರುಗಳನ್ನೂ ಉಳಿಸುವುದು.

3. ಸರ್ವೆ ನಂಬರು, ಆಳ ಹಾಗೂ ದಿನಾಂಕವನ್ನು ಬರೆದಿಟ್ಟುಕೊಂಡು, ಸಾಧ್ಯವಾದಲ್ಲಿ ಛಾಯಾಚಿತ್ರ ತೆಗೆಯುವುದು.

4. ವಸ್ತುವಿನ ಸ್ವರೂಪ, ಅಂದಾಜು ಮೌಲ್ಯ, ದೊರೆತ ಸ್ಥಳ ಮತ್ತು ದಿನಾಂಕ ನಮೂದಿಸಿ ಜಿಲ್ಲಾಧಿಕಾರಿಯವರಿಗೆ ಲಿಖಿತ ಮಾಹಿತಿ ನೀಡುವುದು. ಗ್ರಾಮ ಆಡಳಿತ ಅಧಿಕಾರಿ, ತಹಶೀಲ್ದಾರರು ಅಥವಾ ಸಮೀಪದ ಪೊಲೀಸ್ ಠಾಣೆಗೂ ತಿಳಿಸಬಹುದು.

5. ವಸ್ತುವನ್ನು ಒಪ್ಪಿಸಿದಾಗ ತಪ್ಪದೆ ಸ್ವೀಕೃತಿ ಪತ್ರ ಪಡೆಯುವುದು.

ಲೋಹಶೋಧಕ ಹಿಡಿದು ಬರುವ ಅಪರಿಚಿತರಿಗೆ ಜಮೀನಿನೊಳಗೆ ಅವಕಾಶ ನೀಡಬಾರದು. ಸಮೀಕ್ಷೆಗೆಂದು ಬಂದವರಿಂದ ಗುರುತಿನ ಚೀಟಿ ಮತ್ತು ಅನುಮತಿ ಪತ್ರವನ್ನು ಕೇಳಿ ಪರಿಶೀಲಿಸತಕ್ಕದ್ದು.

ಜಮೀನು ಕೈತಪ್ಪುವುದೇ?

ಈ ಭಯದಿಂದಲೇ ಹಲವರು ದೊರೆತ ವಸ್ತುವನ್ನು ಮುಚ್ಚಿಡುತ್ತಾರೆ. ಒಂದು ನಾಣ್ಯ ಅಥವಾ ವಿಗ್ರಹ ದೊರೆತ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ಯಾವುದೇ ಸ್ಥಳವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸುವ ಮೊದಲು ಎರಡು ತಿಂಗಳ ಸೂಚನೆ ಪ್ರಕಟಿಸಿ, ಸಂಬಂಧಪಟ್ಟವರ ಆಕ್ಷೇಪಣೆಗಳನ್ನು ಪರಿಗಣಿಸಬೇಕಾಗುತ್ತದೆ. ಕೋಲಾರಮ್ಮ, ಸೋಮೇಶ್ವರ ದೇವಾಲಯಗಳಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತಲಿನ 100 ಮೀಟರ್ ನಿಷೇಧಿತ ಹಾಗೂ ಅದರಾಚೆಯ 200 ಮೀಟರ್ ನಿಯಂತ್ರಿತ ವಲಯದ ನಿರ್ಬಂಧಗಳು ಸಾಮಾನ್ಯ ಹೊಲಗಳಿಗೆ ಅನ್ವಯಿಸುವುದಿಲ್ಲ.

ಮಾಹಿತಿಯನ್ನು ಮುಚ್ಚಿಟ್ಟವರು ಶಿಕ್ಷೆಗೆ ಗುರಿಯಾಗುವರು. ಸಕಾಲದಲ್ಲಿ ತಿಳಿಸಿದವರು ತಮ್ಮ ಊರಿನ ಚರಿತ್ರೆಯನ್ನು ಉಳಿಸಿದವರಾಗುತ್ತಾರೆ. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.