ವಕೀಲರ ಮೇಜಿನಿಂದ ನ್ಯಾಯಪೀಠಕ್ಕೆ

1975ರಲ್ಲಿ ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯದ ಮುಂದೆ ವಿಲಕ್ಷಣವಾದ ಬಿನ್ನಹವೊಂದು ಬಂದಿತು. ಉದ್ಯೋಗದಲ್ಲಿ ಸ್ತ್ರೀಯರನ್ನು ಕಡೆಗಣಿಸಿತೆಂಬ ಆಪಾದನೆಯನ್ನು ಹೊತ್ತು ನಿಂತಿದ್ದ ಪ್ರತಿಷ್ಠಿತ ವಕೀಲಸಂಸ್ಥೆಯೊಂದು, ನ್ಯಾಯಾಧೀಶರಾದ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿಯವರು ಸ್ವತಃ ಸ್ತ್ರೀಯಾಗಿರುವುದರಿಂದಲೂ, ಹಿಂದೆ ವರ್ಣಭೇದದ ವಿರುದ್ಧ ವಕಾಲತ್ತು ವಹಿಸಿದ್ದವರಾದುದರಿಂದಲೂ, ಈ ವ್ಯಾಜ್ಯದಿಂದ ಹಿಂದೆ ಸರಿಯಬೇಕೆಂದು ಕೋರಿತು. ಮಾಟ್ಲಿಯವರು ಒಪ್ಪಲಿಲ್ಲ. ಲಿಂಗ, ವರ್ಣ, ಪೂರ್ವಾನುಭವಗಳೇ ಅನರ್ಹತೆಗೆ ಕಾರಣವೆನ್ನುವುದಾದರೆ ಈ ನ್ಯಾಯಾಲಯದ ಒಬ್ಬ ನ್ಯಾಯಾಧೀಶರೂ ಈ ಮೊಕದ್ದಮೆಯನ್ನು ಕೇಳಲಾಗದು, ಅವರೆಲ್ಲರೂ ಹೆಣ್ಣೋ ಗಂಡೋ ಆಗಿಯೇ ಇದ್ದಾರೆ, ಎಲ್ಲರೂ ಒಂದು ಕಾಲಕ್ಕೆ ವಕೀಲರೇ ಆಗಿದ್ದರು ಎಂಬುದು ಅವರ ಆಜ್ಞೆಯ ತಾತ್ಪರ್ಯ. ಬಿಳಿಯ ಪುರುಷನಿಗೆ ವರ್ಣವೂ ಇಲ್ಲ, ಲಿಂಗವೂ ಇಲ್ಲ, ಆದಕಾರಣ ಅವನೊಬ್ಬನೇ ನಿಷ್ಪಕ್ಷಪಾತಿ ಎಂದು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ನಂಬಿಕೊಂಡು ಬಂದಿದ್ದ ಭಾವನೆಯ ಬುಡಕ್ಕೇ ಕೊಡಲಿಯಿಟ್ಟ ಈ ಮಾತನ್ನು, ಅವರ ಸಮಸ್ತ ವೃತ್ತಿಜೀವನದ ಸಾರವೆಂದೇ ನಾನು ಎಣಿಸುತ್ತೇನೆ.

1921ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ನಿನಲ್ಲಿ, ಕೆರಿಬಿಯನ್ನಿನ ನೀವಿಸ್ ದ್ವೀಪದಿಂದ ವಲಸೆ ಬಂದ ದಂಪತಿಗಳ ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವರಾಗಿ ಅವರು ಜನಿಸಿದರು. ತಂದೆ ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಸಂಘಗಳಲ್ಲಿ ಅಡುಗೆಯವರು. ಮಗಳನ್ನು ಕಾಲೇಜಿಗೆ ಕಳುಹಿಸುವ ಅನುಕೂಲ ಆ ಮನೆಗಿರಲಿಲ್ಲ. ಸಭೆಯೊಂದರಲ್ಲಿ ಆ ತರುಣಿಯಾಡಿದ ನಿರ್ಭೀತ ಮಾತುಗಳನ್ನು ಕೇಳಿ ಮೆಚ್ಚಿದ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಬಿಳಿಯ ಧನಿಕರು ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡುದರಿಂದ, 1946ರಲ್ಲಿ ಕೊಲಂಬಿಯಾದ ನ್ಯಾಯಶಾಸ್ತ್ರ ಪದವಿ ಕೈಗೂಡಿತು.

ಅದಕ್ಕೆ ಮೊದಲೇ ಅವರು ಥರ್ಗುಡ್ ಮಾರ್ಷಲ್ಲರ ಕೈಕೆಳಗೆ, ಕಪ್ಪು ಜನಾಂಗದ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ನ್ಯಾಯರಕ್ಷಣಾ ನಿಧಿಯ ಕಚೇರಿಯನ್ನು ಸೇರಿದ್ದರು. ಶಾಲೆಗಳಲ್ಲಿನ ವರ್ಣವಿಭಜನೆಯನ್ನು 1954ರಲ್ಲಿ ಅಸಿಂಧುವಾಗಿಸಿದ ಬ್ರೌನ್ ಮೊಕದ್ದಮೆಯ ಮೂಲ ಫಿರ್ಯಾದನ್ನು ಬರೆದವರು ಇವರೇ. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿಗೆ ಮಿಸಿಸಿಪಿ ವಿಶ್ವವಿದ್ಯಾನಿಲಯದ ಬಾಗಿಲನ್ನು ತೆರೆಯಿಸಿದ ವ್ಯಾಜ್ಯವನ್ನು ನಡೆಯಿಸಿದವರೂ ಇವರೇ. ಆ ದಿನಗಳಲ್ಲಿ ಒಮ್ಮೆ ಕಾರು ನಡೆಯಿಸುತ್ತಿದ್ದ, ಮಿಸಿಸಿಪಿಯ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸರು, ಪೊಲೀಸರು ಬೆನ್ನುಹತ್ತಿದ್ದಾರೆ, ಬರೆಯುತ್ತಿರುವ ಕಾಗದಗಳನ್ನು ವೃತ್ತಪತ್ರಿಕೆಯೊಳಗೆ ಅಡಗಿಸಿ, ತಿರುಗಿ ಮಾತ್ರ ನೋಡಬೇಡಿ ಎಂದು ಎಚ್ಚರಿಸಿದುದನ್ನು ಮಾಟ್ಲಿಯವರು ಮುಂದೆ ನೆನೆದುಕೊಂಡಿದ್ದಾರೆ. 1963ರ ಜೂನ್ ತಿಂಗಳಲ್ಲಿ ಎವರ್ಸರನ್ನು ಅವರ ಮನೆಯಂಗಳದಲ್ಲಿಯೇ ಗುಂಡಿಟ್ಟು ಕೊಂದರು.

1966ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ನರು ಮಾಟ್ಲಿಯವರನ್ನು ಫೆಡರಲ್ ನ್ಯಾಯಾಧೀಶ ಪದವಿಗೆ ನಾಮನಿರ್ದೇಶನ ಮಾಡಿದಾಗ, ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಅದೇ ಮಿಸಿಸಿಪಿಯ, ವರ್ಣವಿಭಜನೆಯ ಸಮರ್ಥಕರಾದ ಜೇಮ್ಸ್ ಈಸ್ಟ್‌ಲೆಂಡರು! ಕಮ್ಯೂನಿಸ್ಟರೆಂಬ ದೂಷಣೆಯನ್ನೂ ಹೊರಿಸಿ ಅವರು ತಿಂಗಳುಗಟ್ಟಲೆ ತಡೆದರೂ, ಆಗಸ್ಟಿನಲ್ಲಿ ಸಮ್ಮತಿ ದೊರೆತು, ಮಾಟ್ಲಿಯವರು ಆ ಪದವಿಯನ್ನೇರಿದ ಪ್ರಥಮ ಕಪ್ಪು ಮಹಿಳೆಯಾದರು. 1978ರಲ್ಲಿ, ಬೇಸ್‌ಬಾಲ್ ಆಟಗಾರರ ಕೊಠಡಿಗೆ ಪುರುಷ ವರದಿಗಾರರನ್ನು ಬಿಟ್ಟು ಮಹಿಳಾ ವರದಿಗಾರರನ್ನು ತಡೆಯುವುದು ಸಂವಿಧಾನವಿರುದ್ಧವೆಂದು ತೀರ್ಪಿತ್ತರು. 1982ರಲ್ಲಿ ಆ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದರು.

ವಕೀಲರಾಗಿ ಸುಪ್ರೀಂ ಕೋರ್ಟಿನಲ್ಲಿ ಅವರು ವಾದಿಸಿದ ಹತ್ತು ಮೊಕದ್ದಮೆಗಳಲ್ಲಿ ಒಂಬತ್ತು ಗೆದ್ದಿದ್ದವು. ಸೋತ ಒಂದು, 1965ರ ಸ್ವೇನ್ ಪ್ರಕರಣ. ಕಪ್ಪು ಜನರನ್ನು ಕಾರಣ ಕೊಡದೆಯೇ ಜೂರಿಯಿಂದ ಹೊರಗಿಡುವ ಸರಕಾರೀ ವಕೀಲರ ಪದ್ಧತಿಯನ್ನು ಅದರಲ್ಲಿ ಪ್ರಶ್ನಿಸಲಾಗಿತ್ತು. 1986ರ ಬ್ಯಾಟ್ಸನ್ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು, ವರ್ಣದ ಕಾರಣದಿಂದ ಜೂರಿಗಳನ್ನು ಹಾಗೆ ತೆಗೆದುಹಾಕಕೂಡದೆಂದು ವಿಧಿಸಿ, ಮಾಟ್ಲಿಯವರನ್ನು ಸೋಲಿಸಿದ್ದ ತನ್ನ ಹಿಂದಿನ ನಿರ್ಣಯವನ್ನು ಆ ಮಟ್ಟಿಗೆ ತಳ್ಳಿಹಾಕಿತು. ಮಾಟ್ಲಿಯವರು ಆಗಲೂ ನ್ಯೂಯಾರ್ಕಿನಲ್ಲಿ ನ್ಯಾಯಾಧೀಶರಾಗಿಯೇ ಇದ್ದರು.